ಪಾಸ್‌ಪೋರ್ಟ್ ಬೇರೆ ಅಂದ್ರೆ ಧರ್ಮವೂ ಬೇರೆಯಾ?

ಈಗಷ್ಟೇ ನೋಂದಣಿ ಕಚೇರಿಯಿಂದ ಮನೆಗೆ ಬಂದೆ. ಊಟ ಸೇರುತ್ತಿಲ್ಲ.

ಹೋದ ವಾರ ಹುಲಿಗಿಯಲ್ಲಿ ಅಕ್ಕನ ಮಗಳ ಮದುವೆಗೆ ನಿಮ್ಮಲ್ಲಿ ಸುಮಾರು ಜನ ಬಂದು ಅಕ್ಷತೆ ಹಾಕಿದ್ದೀರಿ. ಹುಡುಗ ಮಾರಿಷಸ್‌ನವನು. ಅಲ್ಲಿನ ಕಬ್ಬಿನ ತೋಟಗಳಿಗೆ 1834ರಿಂದ ಇಲ್ಲಿಯ ಕೂಲಿಗಳನ್ನು ಹಡಗು ಹತ್ತಿಸುತ್ತಿದ್ದರಲ್ಲ, ಅಂಥ ಒಂದು ತೆಲುಗು ಮನೆತನ. ಇವತ್ತಿಗೂ ಅವರ ಮನೆಯಲ್ಲಿ ರಾಮಭಜನೆ ನಡೆಯುತ್ತದೆ. ಸಪ್ತಪದಿಯನ್ನು ಒಂದು ಹೆಜ್ಜೆಯೂ ತಪ್ಪದೆ ತುಳಿದ.

ಇವತ್ತು ಕಚೇರಿಯಲ್ಲಿ ಹೇಳಿದ್ದೇನು? "ಹುಡುಗ ಫಾರಿನ್‌ನವರು ಅದಾರ. ಹಿಂದೂ ಮ್ಯಾರೇಜ್ ಆಕ್ಟ್‌ನ್ಯಾಗ ಬರಂಗಿಲ್ರಿ. ಸ್ಪೆಷಲ್ ಮ್ಯಾರೇಜ್‌ಗೆ ಹಾಕ್ರಿ."

ಅದು ಯಾವ ಧರ್ಮದವರಾದರೂ ಮದುವೆ ನೋಂದಾಯಿಸಿಕೊಳ್ಳುವ ಬೇರೆ ಕಾಯ್ದೆ. ಅದಕ್ಕೆ ಹಾಕಿದರೆ ನೋಟಿಸ್ ಅಂಟಿಸಿ 30 ದಿನ ಕಾಯಬೇಕು. ಹುಡುಗನ ರಜೆ ಉಳಿದಿರುವುದು 9 ದಿನ.

1955ರ ಹಿಂದೂ ವಿವಾಹ ಕಾಯ್ದೆ ತೆಗೆದು ನೋಡಿ. 5ನೇ ಕಲಂ ಹೇಳುವುದು ಯಾವುದೇ ಇಬ್ಬರು ಹಿಂದೂಗಳ ಮದುವೆ ಬಗ್ಗೆ. ವಯಸ್ಸು ಕೇಳುತ್ತದೆ, ಮೊದಲ ಗಂಡ-ಹೆಂಡತಿ ಬದುಕಿದ್ದಾರಾ ಕೇಳುತ್ತದೆ, ರಕ್ತಸಂಬಂಧ ಕೇಳುತ್ತದೆ. ಯಾವ ದೇಶದ ಪ್ರಜೆ ಅಂತ ಕೇಳುವುದೇ ಇಲ್ಲ! ಕಾನೂನು ಕೇಳದ್ದನ್ನು ಕೌಂಟರಿನವರು ಯಾಕೆ ಕೇಳಬೇಕು?

ಮೋಸದ ಮದುವೆಗಳಾಗುತ್ತವೆ, ಹುಷಾರಾಗಿರಬೇಕು ಅಂತೀರಾ? ಇರಲಿ. ಅದಕ್ಕೇ ತಾನೇ ಹುಡುಗ ಅವಿವಾಹಿತ ಅನ್ನುವ ಪ್ರಮಾಣಪತ್ರವನ್ನು ಅಪೋಸ್ಟಿಲ್ ಮಾಡಿಸಿ, ಅಂದರೆ ಬೇರೆ ದೇಶದಲ್ಲೂ ನಡೆಯುವಂತೆ ಅಲ್ಲಿನ ಸರ್ಕಾರದ ದೃಢೀಕರಣ ಹಾಕಿಸಿ, ಅಲ್ಲಿಂದ ತಂದಿದ್ದು. ಅದನ್ನು ಬಿಡಿಸಿ ಕೂಡ ನೋಡಲಿಲ್ಲ.

ಮತ್ತೊಬ್ಬರು ಫೋನಿನಲ್ಲಿ, "ನೋಂದಣಿ ಆಗದಿದ್ರೂ ಮದುವೆ ಊರ್ಜಿತಾನೇ, ಸುಮ್ನಿರಿ" ಅಂದರು. ಹೌದು, 8ನೇ ಕಲಂನಲ್ಲೇ ಹಾಗಿದೆ. ಆದರೆ ಸರ್ಟಿಫಿಕೇಟ್ ಇಲ್ಲದೆ ಇವಳು ಗಂಡನ ಊರಿನ ವೀಸಾಕ್ಕೆ ಏನು ತೋರಿಸಬೇಕು, ಮದುವೆ ಫೋಟೋನಾ? ಎಲ್ಲ ಮದುವೆಗಳೂ ನೋಂದಣಿ ಆಗಲೇಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮಾಡಿಸೋಣ ಅಂತ ಹೋದವರನ್ನೇ ವಾಪಸ್ ಕಳಿಸುತ್ತಾರೆ.

ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳಿಬಿಡುತ್ತೇನೆ. ಈ ಸಂಬಂಧ ಬೇಡ ಅಂದವನು ನಾನೇ. ಅಷ್ಟು ದೂರ ಕೊಟ್ಟರೆ ಅಕ್ಕ ಒಬ್ಬಳೇ ಆಗ್ತಾಳೆ ಅಂತ ಎರಡು ತಿಂಗಳು ಅವಳ ಹತ್ತಿರ ಮಾತು ಬಿಟ್ಟಿದ್ದೆ. ತಾಳಿ ಕಟ್ಟಿದ ಮೇಲೆ ಹುಡುಗ ನನ್ನ ಕಾಲು ಮುಟ್ಟಿ "ಮಾವಯ್ಯ" ಅಂದ. ಅವತ್ತಿಗೆ ನನ್ನ ಹಟ ಮುಗಿಯಿತು. ಇವತ್ತು ಅದೇ ಹುಡುಗ ಕಚೇರಿಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ನೋಡಲಾಗಲಿಲ್ಲ.

ನಾಳೆ ಮತ್ತೆ ಹೋಗುತ್ತೇನೆ. ಯಾವ ಕಲಂ ಪ್ರಕಾರ ಬರಲ್ಲ ಅಂತ ಬರೆದುಕೊಡಿ ಅನ್ನುತ್ತೇನೆ. ಕೊಡುವ ತನಕ ಏಳಲ್ಲ. ವಕೀಲ ಗೆಳೆಯರು ಯಾರಾದರೂ ಬರುವುದಾದರೆ ಹತ್ತು ಗಂಟೆಗೆ ನಮ್ಮ ಮನೆ ಹತ್ತಿರ ಸಿಗಿ.