ವರ್ಗ ಮಾಡಿದರೆ ಮುಗಿಯಿತೇ?

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಗೆ ಹೊಸ ಮೇಷ್ಟ್ರೊಬ್ಬರು ಬಂದರು. ಹಾಸನ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಅವರು ಲೆಕ್ಕ ಚೆನ್ನಾಗಿ ಹೇಳಿಕೊಡುತ್ತಿದ್ದರು. ಆದರೆ ಕೈ ಬಹಳ ಜೋರು. ಒಂದು ದಿನ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಕಿವಿಯ ಮೇಲೆ ಹೊಡೆದರು. ಆ ಕಿವಿ ಅವನಿಗೆ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಊರವರು ಗಲಾಟೆ ಮಾಡಿದರು. ಜೀಪಿನಲ್ಲಿ ಸಾಹೇಬರು ಬಂದರು, ಹೇಳಿಕೆ ಬರೆದುಕೊಂಡು ಹೋದರು. ಎರಡು ತಿಂಗಳಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಹೋಗುವ ದಿನ ಅವರಿಗೆ ಹಾರ ಹಾಕಿ, ಹಣ್ಣು ಕೊಟ್ಟು ಕಳಿಸಿದರು. ಹಾರದ ತಟ್ಟೆ ಹಿಡಿದು ನಿಂತಿದ್ದವನು ನಾನೇ. ಅವರು ಹೋದದ್ದು ಪಕ್ಕದ ಹೋಬಳಿಯ ಇನ್ನೊಂದು ಪ್ರಾಥಮಿಕ ಶಾಲೆಗೆ. ಅಲ್ಲೂ ಐದನೇ ಕ್ಲಾಸು ಇತ್ತು.

ಇದು ಮತ್ತೆ ನೆನಪಾಗಿದ್ದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಮಗಳ ಶಾಲೆಯಲ್ಲಿ ನಾನು ಪೇರೆಂಟ್ ಗವರ್ನರ್, ಅಂದರೆ ಪೋಷಕರು ಆರಿಸಿ ಕಳಿಸಿದ ಆಡಳಿತ ಮಂಡಳಿ ಸದಸ್ಯ. ನಮ್ಮ ಸರ್ಕಾರಿ ಶಾಲೆಗಳ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರು ಇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಇಡೀ ಇಂಗ್ಲೆಂಡಿನ ಮೇಷ್ಟ್ರುಗಳ ನಡತೆಯ ದೂರು ವಿಚಾರಿಸುವ ಕಚೇರಿ ನಾನಿರುವ ಊರಿನಲ್ಲೇ ಇದೆ ಅಂತ. ಹೆಸರು ಟೀಚಿಂಗ್ ರೆಗ್ಯುಲೇಷನ್ ಏಜೆನ್ಸಿ. ಶಿಕ್ಷಣ ಇಲಾಖೆಗೆ ಸೇರಿದ್ದು. ವಿಚಾರಣೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ಮೊದಲೇ ಕೇಳಿಕೊಂಡರೆ ಹೋಗಿ ಕೂರಬಹುದು. ಒಂದು ದಿನ ರಜೆ ಹಾಕಿ ಹೋಗಿ ಕುಳಿತೆ.

ಕೋರ್ಟಿನ ಗತ್ತು ಅಲ್ಲಿರಲಿಲ್ಲ. ಮೇಜಿನ ಆ ಕಡೆ ಮೂವರ ಪ್ಯಾನೆಲ್. ಅದರಲ್ಲಿ ಒಬ್ಬರಾದರೂ ಶಿಕ್ಷಕ ವೃತ್ತಿಯವರು ಇರಬೇಕು, ಒಬ್ಬರಾದರೂ ಆ ವೃತ್ತಿಯ ಹೊರಗಿನವರು ಇರಬೇಕು. ಕಾನೂನು ಹೇಳಿಕೊಡಲು ಪಕ್ಕದಲ್ಲಿ ಒಬ್ಬ ಸಲಹೆಗಾರರು. ಈ ಕಡೆ ಆ ಶಿಕ್ಷಕರು, ಜೊತೆಗೆ ಅವರ ಪರ ಮಾತಾಡುವವರು. ಪ್ರಕರಣದ ವಿವರ ನಾನು ಹೇಳುವುದಿಲ್ಲ, ಅದು ಬೇಕಾಗಿಯೂ ಇಲ್ಲ. ನನ್ನ ಮನಸ್ಸಿಗೆ ನಾಟಿದ್ದು ಅವರು ಕೇಳಿಸಿಕೊಂಡ ರೀತಿ. ಒಂದೊಂದು ಆರೋಪವನ್ನೂ ಬೇರೆ ಬೇರೆ ತೆಗೆದುಕೊಂಡರು. ನಡೆದಿದೆಯೇ? ನಡೆದಿದ್ದರೆ ಅದು ಮೇಷ್ಟ್ರಾದವರು ಮಾಡಬಾರದ ತಪ್ಪೇ? ಅಷ್ಟು ದೊಡ್ಡ ತಪ್ಪಾದರೆ ಮುಂದೇನು? ಮೂರು ಪ್ರಶ್ನೆ, ಅದೇ ಸಾಲಿನಲ್ಲಿ. ಸಿಟ್ಟಿನ ಮಾತಿಲ್ಲ, ಮುಲಾಜಿನ ಮಾತೂ ಇಲ್ಲ.

ಪ್ಯಾನೆಲ್ ಮಾಡುವುದು ಶಿಫಾರಸು ಮಾತ್ರ. ಕೊನೆಯ ತೀರ್ಮಾನ ಶಿಕ್ಷಣ ಮಂತ್ರಿಗಳ ಹೆಸರಿನಲ್ಲಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ತೆಗೆದುಕೊಳ್ಳುತ್ತಾರೆ. ಪ್ಯಾನೆಲ್ ಹೇಳಿದ್ದನ್ನು ಅವರು ಒಪ್ಪಬಹುದು, ಬಿಡಬಹುದು. ಯಾವುದೇ ಆಗಲಿ, ಯಾಕೆ ಅಂತ ಬರೆಯಲೇಬೇಕು. ತಪ್ಪು ಸಾಬೀತಾದ ಪ್ರಕರಣದ ತೀರ್ಮಾನ ಸರ್ಕಾರದ ವೆಬ್‌ಸೈಟಿನಲ್ಲಿ ಶಿಕ್ಷಕರ ಹೆಸರಿನ ಸಮೇತ ಬರುತ್ತದೆ. ನಾನು ಇಂಥ ಹಲವು ತೀರ್ಮಾನ ಓದಿದ್ದೇನೆ. ಹತ್ತಿಪ್ಪತ್ತು ಪುಟ ಇರುತ್ತವೆ. ಆ ಶಿಕ್ಷಕರು ಮಾಡಿದ ಒಳ್ಳೆಯ ಕೆಲಸವನ್ನೂ ಅದರಲ್ಲಿ ಬರೆದಿರುತ್ತಾರೆ, ಪಶ್ಚಾತ್ತಾಪ ಪಟ್ಟಿದ್ದರೆ ಅದನ್ನೂ. ಆಮೇಲೆ 'ಆದರೂ' ಅಂತ ಮುಂದುವರಿಸುತ್ತಾರೆ, ಅಥವಾ 'ಆದ್ದರಿಂದ ಇಷ್ಟು ಸಾಕು' ಅಂತ ನಿಲ್ಲಿಸುತ್ತಾರೆ.

ಇಲ್ಲಿರುವ ಶಿಕ್ಷೆ ಒಂದೇ, ನಿಷೇಧ. ಆ ಆದೇಶವಾದರೆ ಇಂಗ್ಲೆಂಡಿನ ಯಾವ ಶಾಲೆಯಲ್ಲೂ ಪಾಠ ಮಾಡುವ ಹಾಗಿಲ್ಲ. ಸರ್ಕಾರಿ ಹಣದ ಶಾಲೆ, ಸ್ವಾಯತ್ತ ಅಕಾಡೆಮಿ, ದುಬಾರಿ ಫೀಸಿನ ಖಾಸಗಿ ಶಾಲೆ, ಎಲ್ಲಕ್ಕೂ ಇದು ಲಾಗೂ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಶಾಲೆಯವರು ನಿಷೇಧದ ಪಟ್ಟಿ ನೋಡಲೇಬೇಕು. ಕೆಲವರಿಗೆ ಕನಿಷ್ಠ 2 ವರ್ಷ ಕಳೆದ ಮೇಲೆ ತೆರವಿಗೆ ಅರ್ಜಿ ಹಾಕಲು ಬಿಡುತ್ತಾರೆ. ತೀರಾ ಗಂಭೀರವಾದ ತಪ್ಪಾದರೆ ಅದೂ ಇಲ್ಲ. ಆದೇಶ ಸರಿಯಿಲ್ಲ ಅನ್ನಿಸಿದರೆ 28 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು ನಿಯಮ. ಗಂಭೀರ ತಪ್ಪಿಗಾಗಿ ಒಬ್ಬರನ್ನು ಶಾಲೆ ತೆಗೆದುಹಾಕಿದರೆ, ಆ ವಿಷಯ ಈ ಏಜೆನ್ಸಿಗೆ ತಿಳಿಸಬೇಕೇ ಎಂದು ಶಾಲೆ ಯೋಚಿಸಲೇಬೇಕು. ಕಾನೂನೇ ಹಾಗೆ ಹೇಳುತ್ತದೆ. ತೆಗೆಯುವ ಮೊದಲೇ ಅವರಾಗಿ ರಾಜೀನಾಮೆ ಕೊಟ್ಟು ಹೋದರೂ ಅಷ್ಟೇ. 'ಸುಮ್ನೆ ರಾಜೀನಾಮೆ ಕೊಟ್ಟು ಹೋಗಿಬಿಡಿ, ನಮಗೂ ನೆಮ್ಮದಿ, ನಿಮಗೂ ನೆಮ್ಮದಿ' ಅನ್ನುವ ದಾರಿಯನ್ನು ಹೀಗೆ ಮುಚ್ಚಿದ್ದಾರೆ. ನಮ್ಮೂರ ಮೇಷ್ಟ್ರು ಹಾರ ಹಾಕಿಸಿಕೊಂಡು ಹೋದದ್ದು ಅಂಥದ್ದೇ ದಾರಿಯಲ್ಲಿ, ಅಲ್ವಾ?

ಇಂಗ್ಲೆಂಡಿನವರು ಹುಟ್ಟಿನಿಂದ ಹೀಗಿದ್ದವರೇನಲ್ಲ. ಸರ್ಕಾರಿ ಹಣದ ಶಾಲೆಗಳಲ್ಲಿ ಬೆತ್ತ ನಿಂತಿದ್ದು 1987ರಲ್ಲಿ. ಖಾಸಗಿ ಶಾಲೆಗಳಲ್ಲಿ ಅದಾಗಿ ಇನ್ನೂ ಹನ್ನೆರಡು ವರ್ಷ ಹಿಡಿಯಿತು. ನಡತೆ ನೋಡಿಕೊಳ್ಳುವ ಸಂಸ್ಥೆಯನ್ನೂ ಕಟ್ಟಿ ಕೆಡವಿ ಮಾಡಿದ್ದಾರೆ. ಮೊದಲು ಜನರಲ್ ಟೀಚಿಂಗ್ ಕೌನ್ಸಿಲ್ ಇತ್ತು. 2012ರಲ್ಲಿ ಅದನ್ನು ಮುಚ್ಚಿ ಕೆಲಸವನ್ನು ಇಲಾಖೆಯೊಳಗೆ ತಂದರು. ಈಗಿನ ಏಜೆನ್ಸಿ ಶುರುವಾದದ್ದು 2018ರ ಏಪ್ರಿಲ್‌ನಲ್ಲಿ. ಮಂತ್ರಿಗಳ ಕೈಕೆಳಗೆ ಇದು ಇರುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಸ್ಕಾಟ್ಲೆಂಡಿನಲ್ಲಿ 1965ರ ಕಾಯ್ದೆಯಿಂದಲೇ ಶಿಕ್ಷಕರ ಕೌನ್ಸಿಲ್ ಇದೆ, 2012ರಿಂದ ಅದು ಸರ್ಕಾರದಿಂದ ಸ್ವತಂತ್ರ. ಆ ಬಗೆ ಮೇಲು.

ತಡವೂ ಇಲ್ಲಿನ ದೊಡ್ಡ ಕುಂದು. ಒಂದು ಪ್ರಕರಣ ಮುಗಿಯಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುವುದು ಮಾಮೂಲು. ಕೊನೆಗೆ 'ನಿಮ್ಮ ತಪ್ಪಿಲ್ಲ' ಅಂದರೂ ಅಷ್ಟು ದಿನ ನಿದ್ದೆ ಕೆಟ್ಟವರಿಗೆ ಆ ದಿನಗಳು ವಾಪಸ್ ಬರುವುದಿಲ್ಲ. ನಾನು ಹೋದ ದಿನ ಆ ಶಿಕ್ಷಕರ ಮುಖ ನೋಡಿ ನನಗೆ ಸಂಕಟವಾಯಿತು. ಆರೋಪ ನಿಜವೋ ಸುಳ್ಳೋ ಅನ್ನುವುದು ಬೇರೆ ಮಾತು.

ಈ ಸಂಕಟದ ಇನ್ನೊಂದು ಮುಖ ತೋರಿಸಿದ್ದು ನಮ್ಮಕ್ಕ. ಅವಳು ಇಪ್ಪತ್ತು ವರ್ಷದಿಂದ ಸರ್ಕಾರಿ ಶಾಲೆಯ ಟೀಚರು. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಲೋ, ನಾಳೆ ಯಾರೋ ನನ್ನ ಮೇಲೆ ಸುಳ್ಳು ದೂರು ಕೊಟ್ರೆ? ಮಧ್ಯಾಹ್ನದೊಳಗೆ ಟಿವಿಯಲ್ಲಿ ನನ್ನ ಫೋಟೋ ಬರುತ್ತೆ ಕಣೋ. ಸಂಜೆಗೆ ಸಸ್ಪೆಂಡು. ಆಮೇಲೆ ನಿಜ ಗೊತ್ತಾದ್ರೆ ಅದನ್ನ ಯಾರು ತೋರಿಸ್ತಾರೆ?' ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಹುಡುಕಿದೆ. ಇಲ್ಲಿ ಅದಕ್ಕೂ ಕಾನೂನಿದೆ. ವಿದ್ಯಾರ್ಥಿಯೊಬ್ಬ ಶಿಕ್ಷಕರ ಮೇಲೆ ಅಪರಾಧದ ಆರೋಪ ಮಾಡಿದರೆ, ಪೊಲೀಸ್ ಕೇಸು ದಾಖಲಾಗಿ ಕೋರ್ಟಿನ ಹಂತಕ್ಕೆ ಹೋಗುವವರೆಗೆ ಆ ಶಿಕ್ಷಕರು ಯಾರೆಂದು ತಿಳಿಯುವ ಹಾಗೆ ಯಾರೂ ಪ್ರಕಟಿಸಬಾರದು. 2012ರ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಹಾಗಂತ ಮಗುವಿನ ಮಾತನ್ನು ಮೂಲೆಗೆ ಹಾಕುವಂತಿಲ್ಲ. ಶಿಕ್ಷಕರ ಮೇಲೆ ಇಂಥ ದೂರು ಬಂದರೆ ಒಂದು ಕೆಲಸದ ದಿನದೊಳಗೆ ಸ್ಥಳೀಯ ಆಡಳಿತದ ನಿಗದಿತ ಅಧಿಕಾರಿಗೆ ಶಾಲೆ ತಿಳಿಸಬೇಕು. ಗವರ್ನರ್ ಆದ ಮೇಲೆ ನಮಗೆ ಕೊಟ್ಟ ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಹೇಳಿದರು.

ಕರ್ನಾಟಕದಲ್ಲಿ ಕಾನೂನೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅನ್ನುತ್ತದೆ. 24ನೇ ಸೆಕ್ಷನ್ ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರಬೇಕು, ಪಾಠ ಮುಗಿಸಬೇಕು ಅನ್ನುತ್ತದೆ. 28ನೇ ಸೆಕ್ಷನ್ ಮನೆಪಾಠ ಬೇಡ ಅನ್ನುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಇದೆ, ಮಕ್ಕಳ ಹಕ್ಕು ಆಯೋಗ ಇದೆ, 1098 ಮಕ್ಕಳ ಸಹಾಯವಾಣಿ ಇದೆ. ಆದರೆ 17ನೇ ಸೆಕ್ಷನ್ ಮುರಿದರೆ ಏನಾಗುತ್ತದೆ? 'ಅವರವರ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ' ಅಂತ ಕಾಯ್ದೆ ಹೇಳುತ್ತದೆ. ಅಂದರೆ ಸರ್ಕಾರಿ ಮೇಷ್ಟ್ರಿಗೆ ಒಂದು ದಾರಿ, ಖಾಸಗಿ ಶಾಲೆಯ ಟೀಚರಿಗೆ ಬೇರೆ ದಾರಿ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಅದರ ಪಟ್ಟಿಯಿಂದ ಹೆಸರು ತೆಗೆದುಹಾಕಿದರೆ ಅವರು ಎಲ್ಲೂ ಆ ಕೆಲಸ ಮಾಡುವಂತಿಲ್ಲ. ಮೇಷ್ಟ್ರಿಗೆ ಅಂಥ ಪಟ್ಟಿಯೇ ಇಲ್ಲ. ಖಾಸಗಿ ಶಾಲೆಯೊಂದು ಕೆಲಸದಿಂದ ತೆಗೆದವರು ಮುಂದಿನ ಜೂನ್‌ಗೆ ಪಕ್ಕದ ಬಡಾವಣೆಯ ಶಾಲೆಯಲ್ಲಿ ಹಾಜರಿ ಕೂಗಬಹುದು.

ಸರ್ಕಾರಿ ಶಾಲೆಯ ಕಷ್ಟ ಬೇರೆ. ಅಲ್ಲಿ ದೂರು ಹೋಗುವುದು ಬ್ಲಾಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೆ, ಅಲ್ಲಿಂದ ಜಿಲ್ಲೆಯ ಉಪನಿರ್ದೇಶಕ ಡಿಡಿಪಿಐ ಅವರಿಗೆ. ಆ ಮೇಜಿನ ಮೇಲೆ ಇನ್ನೇನೆಲ್ಲ ಇದೆ ಅಂತ ಅಕ್ಕನನ್ನು ಕೇಳಿ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಪಠ್ಯಪುಸ್ತಕ, ಸೋರುವ ಕೋಣೆ, ಪರೀಕ್ಷೆ, ಯಾರಿಗೆ ರಜೆ, ಯಾರಿಗೆ ಡೆಪ್ಯುಟೇಷನ್. 2025ರ ದಸರಾ ರಜೆಯಲ್ಲಿ ಮೇಷ್ಟ್ರುಗಳನ್ನು ಮನೆಮನೆ ಸಮೀಕ್ಷೆಗೆ ಕಳಿಸಿದ್ದನ್ನು ನೋಡಿದ್ದೀರಿ. ಇಷ್ಟನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಯೇ ಮಗುವಿನ ದೂರನ್ನೂ ತೂಗಬೇಕು. ಆ ಅಧಿಕಾರಿಗೆ ಶಾಲೆ ನಡೆಸಲು ಮೇಷ್ಟ್ರು ಬೇಕು, ಊರಿನಲ್ಲಿ ಗಲಾಟೆ ಬೇಡ. ವರ್ಗ ಮಾಡಿದರೆ ಎರಡೂ ಆಗುತ್ತದೆ. ಅವರನ್ನು ನಾನು ದೂರುವುದಿಲ್ಲ. ಕುರ್ಚಿಯೇ ಹಾಗೆ ಮಾಡಿಸುತ್ತದೆ.

ಅದಕ್ಕೇ ನಾನು ಕೇಳುವುದು ಬೇರೆ ಕುರ್ಚಿ. ನಡತೆಯ ದೂರನ್ನು ಮಾತ್ರ ನೋಡುವ ಒಬ್ಬ ಅಧಿಕಾರಿ, ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಕ್ಕೆ ಒಬ್ಬೊಬ್ಬರಾದರೂ. ವರ್ಗ ಮಾಡುವ ಅಧಿಕಾರ ಅವರಿಗೆ ಇರಲೇಬಾರದು. ಸರ್ಕಾರಿ, ಅನುದಾನಿತ, ಖಾಸಗಿ ಅಂತ ಭೇದ ಇರಬಾರದು. ಜೊತೆಗೆ ಮೂವರ ಪ್ಯಾನೆಲ್, ಅದರಲ್ಲಿ ಒಬ್ಬರು ಮೇಷ್ಟ್ರು, ಒಬ್ಬರು ಹೊರಗಿನವರು. ದೂರು ಬಂದ ದಿನದಿಂದ ಇಷ್ಟು ತಿಂಗಳಲ್ಲಿ ಮುಗಿಯಬೇಕು ಅನ್ನುವ ಗಡುವು. ಇಂಗ್ಲೆಂಡ್ ಎಡವಿದ್ದು ಇಲ್ಲೇ, ನಾವು ಎಡವುವುದು ಬೇಡ. ಶಿಕ್ಷೆ ನಿಷೇಧ ಒಂದೇ ಆಗಬಾರದು. ಎಚ್ಚರಿಕೆ, ತರಬೇತಿ, ಕೆಲವು ಕಾಲ ಪಾಠದಿಂದ ದೂರ, ಹೀಗೆ ಮೆಟ್ಟಿಲು ಬೇಕು. ತಪ್ಪಿಲ್ಲ ಅಂತಾದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದು ಆ ಮೇಷ್ಟ್ರ ಕೈಗೆ, ಆ ಊರಿನ ಎಸ್‌ಡಿಎಂಸಿಗೆ ಕೊಡಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರಿಗೆ ವೃತ್ತಿ ಮಾನದಂಡ ಬೇಕು ಎಂಬ ಮಾತಿದೆ. ಮಾನದಂಡ ಬರೆಯುವುದು ಸುಲಭ. ಅದು ಮುರಿದ ದಿನ ಮಗುವಿನ ತಾಯಿ ಯಾವ ಬಾಗಿಲು ತಟ್ಟಬೇಕು ಅನ್ನುವುದನ್ನು ಮೊದಲು ಬರೆಯಲಿ.

ಹೋದ ವರ್ಷ ಊರಿಗೆ ಹೋದಾಗ ಗೆಳೆಯನ ಮನೆಗೆ ಹೋಗಿದ್ದೆ. ಅವನು ಯಾವಾಗಲೂ ನನ್ನ ಎಡಕ್ಕೇ ಕೂರುತ್ತಾನೆ, ಕೇಳುವ ಕಿವಿ ನನ್ನ ಕಡೆ ಇರಲಿ ಅಂತ. ಕಾಫಿ ಕುಡಿಯುತ್ತಾ ಆ ಮೇಷ್ಟ್ರ ಮಾತು ಬಂತು. ಆಮೇಲೂ ಅವರಿಗೆ ಎರಡು ಸಲ ವರ್ಗವಾಯಿತಂತೆ.