ಬಟ್ಟೆ ಕೊನೆಗೆ ನೋಡ್ಕೊಳ್ಳೋಣ

ಮೊನ್ನೆ ಒಬ್ಬ ಹುಡುಗಿ ಇನ್‌ಬಾಕ್ಸಿಗೆ ಬಂದು ಕೇಳಿದಳು: ‘ಮೇಡಂ, ನಾಟಕಕ್ಕೆ ಕಾಸ್ಟ್ಯೂಮ್ ಮಾಡಿಕೊಂಡೇ ಜೀವನ ನಡೆಸಬಹುದಾ?’ ಫ್ಯಾಷನ್ ಕೋರ್ಸ್ ಮುಗಿಸಿದ್ದಾಳೆ. ಉತ್ತರ ಉದ್ದವಾಯಿತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಹದಿನೈದು ವರ್ಷದಲ್ಲಿ ನನಗೆ ಜಾಸ್ತಿ ಬಂದಿರುವುದು ಒಂದೇ ಥರದ ಫೋನು. ‘ಅಕ್ಕಾ, ಬರೋ ಶನಿವಾರ ಶೋ. ಹನ್ನೆರಡು ಜನಕ್ಕೆ ಬಟ್ಟೆ ಆಗಬೇಕು. ಬಜೆಟ್ ಸ್ವಲ್ಪ ಕಮ್ಮಿ.’ ರಂಗಮಂದಿರದ ಬಾಡಿಗೆ, ಸೆಟ್ಟು, ಲೈಟು ಎಲ್ಲ ಕಳೆದು ಉಳಿದ ಚಿಲ್ಲರೆ ಬಟ್ಟೆಗೆ. ನನ್ನ ಸಂಭಾವನೆ ಕೇಳಿದರೆ ‘ನೀವು ನಮ್ಮೋರೇ ಅಲ್ವಾ’ ಅನ್ನುತ್ತಾರೆ.

ಒಮ್ಮೆ ಹೀಗೇ ಕೊನೆ ವಾರದಲ್ಲಿ ಕರೆದರು. ಚಿಕ್ಕಪೇಟೆಯಲ್ಲಿ ಅರ್ಧ ದಿನ ಸುತ್ತಿ ರಾಣಿಗೆ ಕಡುನೀಲಿ ಸೀರೆ ತಂದೆ. ಕೈಯಲ್ಲಿ ಹಿಡಿದರೆ ನವಿಲಿನ ಕತ್ತು ನೋಡಿದ ಹಾಗಿತ್ತು. ಶೋ ಹಿಂದಿನ ರಾತ್ರಿ ಲೈಟಿನವರು ಮದುವೆ ದೃಶ್ಯಕ್ಕೆ ಆಂಬರ್, ಅಂದರೆ ಕಿತ್ತಳೆ-ಹಳದಿ ಬೆಳಕು ಹಾಕಿದರು. ಸೀರೆ ಮಸಿ ಬಳಿದಂತೆ ಕಪ್ಪಾಯಿತು. ಅವರ ತಪ್ಪೂ ಅಲ್ಲ, ನನ್ನದೂ ಅಲ್ಲ. ನಾವಿಬ್ಬರೂ ಮುಖ ನೋಡಿದ್ದೇ ಅವತ್ತು! ರಾತ್ರಿ ಎರಡರವರೆಗೆ ಗ್ರೀನ್ ರೂಮಿನಲ್ಲಿ ಕೂತು ಅಂಗೈ ಅಗಲದ ಜರಿ ಅಂಚು ಹೊಲಿದೆ. ನಿರ್ದೇಶಕರು ‘ಇದೇ ಚೆನ್ನಾಗಿದೆ ಬಿಡಿ’ ಅಂದರು. ಬಾಯಲ್ಲಿ ಗುಂಡುಸೂಜಿ ಇತ್ತು, ಒಳ್ಳೆಯದೇ ಆಯಿತು.

ಹಾಗಾಗಿ ನನ್ನ ತಕರಾರು ಇಷ್ಟೇ. ನಾಟಕದ ಮೊದಲ ಓದಿಗೇ ಬಟ್ಟೆಯವರನ್ನು ಕರೆಯಿರಿ. ನಟ ಎಲ್ಲಿ ಬೀಳುತ್ತಾನೆ, ಎಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ, ಯಾವ ದೃಶ್ಯದ ನಡುವೆ ಅರ್ಧ ನಿಮಿಷದಲ್ಲಿ ವೇಷ ಬದಲಿಸಬೇಕು, ಇದೆಲ್ಲ ಗೊತ್ತಿಲ್ಲದೆ ಕತ್ತರಿ ಹಿಡಿಯುವುದು ಹೇಗೆ? ಕಚ್ಚೆಯನ್ನು ಎಲಾಸ್ಟಿಕ್ ಹಾಕಿ ಪ್ಯಾಂಟಿನಂತೆ ಹೊಲಿದಿಟ್ಟರೆ ಸರಕ್ಕನೆ ಏರಿಸಬಹುದು. ವೆಲ್ಕ್ರೋ ಸುಲಭ, ಆದರೆ ಮೌನದ ದೃಶ್ಯದಲ್ಲಿ ಸೈಡ್ ವಿಂಗಿನಿಂದ ‘ಚರ್ರ್’ ಅಂದರೆ ಪ್ರೇಕ್ಷಕರು ಅತ್ತ ತಿರುಗುತ್ತಾರೆ. ಅಲ್ಲಿಗೆ ಹುಕ್ಕೇ ಗತಿ. ಬಿಳಿ ಪಂಚೆ ಲೈಟಿಗೆ ಕಣ್ಣು ಕುಕ್ಕುತ್ತದೆ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆಯಬೇಕು. ಬಡವನ ಅಂಗಿ ಅಂತ ಹೊಸ ಅಂಗಿಗೆ ತೇಪೆ ಹಾಕಿದರೆ ಸಾಲದು. ಕಾಲರು, ಮೊಣಕೈ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ನಮ್ಮನೆಯ ತುರಿಯುವ ಮಣೆ ಅಡುಗೆಮನೆ ಬಿಟ್ಟು ವರ್ಷಗಳಾದವು.

ಇನ್ನು ಈ ಕೆಲಸಕ್ಕೆ ನಾವು ಕೊಡುವ ಮರ್ಯಾದೆ. ಪ್ರೇಮಾ ಕಾರಂತರು ಅಂದರೆ ಎಲ್ಲರೂ 1983ರ ‘ಫಣಿಯಮ್ಮ’ ಸಿನಿಮಾ ಹೇಳುತ್ತಾರೆ. ಅವರು ನಾಟಕಗಳಿಗೆ ಮಾಡಿದ ವಸ್ತ್ರವಿನ್ಯಾಸದ ಬಗ್ಗೆ ಎಷ್ಟು ಜನ ಮಾತಾಡುತ್ತಾರೆ? ವಸ್ತ್ರವಿನ್ಯಾಸಕಿ ಭಾನು ಅಥೈಯಾ ಹೆಸರು ಗೊತ್ತಿರುವುದೂ ಆಸ್ಕರ್ ಬಂದಿದ್ದಕ್ಕೆ, ಅದೂ ಸಿನಿಮಾಕ್ಕೆ. ಮಂಡ್ಯ ಕಡೆ ಕುರುಕ್ಷೇತ್ರ ನಾಟಕಕ್ಕೆ ಡ್ರೆಸ್ ಬಾಡಿಗೆ ಕೊಡುವವರನ್ನು ಕಂಡರೆ ನಮ್ಮ ಹವ್ಯಾಸಿಗಳಿಗೆ ಸ್ವಲ್ಪ ನಗು. ದುರ್ಯೋಧನನ ಭುಜಕೀರ್ತಿ ಬೆಳಗಿನ ಜಾವದವರೆಗೂ ಜಾರದ ಹಾಗೆ ಕಟ್ಟುವುದು ನನಗೆ ಹೇಳಿಕೊಟ್ಟಿದ್ದು ಅಂಥವರೊಬ್ಬರೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನಮ್ಮಾ. ಬರೀ ನಾಟಕದಲ್ಲಿ ನನ್ನ ಮನೆ ಬಾಡಿಗೆ ಹುಟ್ಟಿಲ್ಲ. ಶಾಲಾ ವಾರ್ಷಿಕೋತ್ಸವ, ಡಾನ್ಸು, ಜಾಹೀರಾತು ಸೇರಿದರೆ ತಿಂಗಳು ಸಾಗುತ್ತದೆ. ಚಿತ್ರ ಬರೆಯುವುದಕ್ಕಿಂತ ಮೊದಲು ಮೆಷಿನ್ ತುಳಿಯಲು ಕಲಿ. ಪ್ರತಿ ಅಂಗಿಗೂ ಒಳಗೆ ಎರಡಿಂಚು ಬಟ್ಟೆ ಬಿಡು, ನಾಳೆ ಆ ಪಾತ್ರಕ್ಕೆ ದಪ್ಪಗಿರುವವನು ಬರಬಹುದು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ಅಂಥ ತಂಡದ ಜೊತೆ ಕೆಲವು ದಿನ ಇದ್ದು ನೋಡು. ಇವತ್ತಿನ ಬೆವರಿನ ಅಂಗಿಯನ್ನೇ ನಾಳೆ ಇನ್ನೊಂದು ಊರಲ್ಲಿ ಹಾಕಬೇಕು ಅಂದಾಗ ಯಾವ ಬಟ್ಟೆ ಬಾಳುತ್ತದೆ ಅಂತ ಗೊತ್ತಾಗುತ್ತದೆ. ಮತ್ತೆ, ದುಡ್ಡಿನ ಮಾತು ಮೊದಲೇ ಆಡು.

ಇದನ್ನೆಲ್ಲ ಬರೆದು ಕಳಿಸಿದೆ. ರಾತ್ರಿ ಉತ್ತರ ಬಂತು: ‘ಥ್ಯಾಂಕ್ಸ್ ಮೇಡಂ, ನನಗೊಂದು ನಾಟಕ ಸಿಕ್ಕಿದೆ!’

ಶೋ ಯಾವತ್ತು ಅಂದೆ.

‘ಬರೋ ಶುಕ್ರವಾರ.’

ಎಲ್ಲರ ಅಳತೆ ಬರೆದುಕೊಂಡು ನಾಳೆ ಹತ್ತು ಗಂಟೆಗೆ ಚಿಕ್ಕಪೇಟೆಗೆ ಬಾ ಅಂದಿದ್ದೇನೆ.