ಬಾಯಿ ಬಿಡಿಸದೆ ಕೊಟ್ಟ ಸರ್ಟಿಫಿಕೇಟು

ನಿನ್ನೆ ಮಂಡ್ಯದ ಒಂದು ಡಿಗ್ರಿ ಕಾಲೇಜಿಗೆ ಹೋಗಿದ್ದೆ. ಕೊನೇ ವರ್ಷದ ಮಕ್ಕಳಿಗೆ ಕಮ್ಯುನಿಕೇಶನ್ ಸ್ಕಿಲ್ಸ್ ಸರ್ಟಿಫಿಕೇಟ್ ಕೋರ್ಸ್ ಮುಗಿದಿತ್ತು. ಹೊರಗಿನವರೊಬ್ಬರು ಕೂತು ಅವರ ಮಾತು ಕೇಳಿ ಸರ್ಟಿಫಿಕೇಟ್ ಹಂಚಬೇಕು ಅಂತ ಕರೆದಿದ್ದರು. ನಮ್ಮೂರ ಕಡೆಯ ಮಕ್ಕಳು ಅಂತ ಖುಷಿಯಿಂದಲೇ ಹೋದೆ. ಸಂಜೆ ಮೈಸೂರಿಗೆ ವಾಪಸ್ ಬಂದವಳಿಗೆ ಸಿಟ್ಟಿಗೆ ಊಟ ಸೇರಲಿಲ್ಲ.

ಮಕ್ಕಳು ಒಬ್ಬೊಬ್ಬರೇ ಬಂದು ನಿಂತರು. ಮೈಸೆಲ್ಫ್ ಇಂಥವರು, ಐ ಆ್ಯಮ್ ಫ್ರಮ್ ಇಂಥ ಊರು, ಮೈ ಹಾಬಿ ಈಸ್ ಲಿಸನಿಂಗ್ ಮ್ಯೂಸಿಕ್, ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್. ಹೆಸರು, ಊರು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಕೆರಗೋಡಿನ ಹುಡುಗನಿಗೂ ಪಾಂಡವಪುರದ ಹುಡುಗಿಗೂ ಅದೇ ಹವ್ಯಾಸ, ಅದೇ ಗುಣ, ಅದೇ ಕನಸು. ಯಾರೋ ಬರೆದುಕೊಟ್ಟದ್ದನ್ನು ಎಲ್ಲರೂ ಉರು ಹೊಡೆದು ತಂದಿದ್ದರು.

ಒಂದು ಹುಡುಗಿಯನ್ನು ಮಧ್ಯದಲ್ಲೇ ತಡೆದು, "ಅದಿರಲಿ ಪುಟ್ಟ, ದಿನಾ ಊರಿಂದ ಕಾಲೇಜಿಗೆ ಹೆಂಗೆ ಬರ್ತೀಯ, ಅದನ್ನ ಹೇಳು" ಅಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ, ಪಕ್ಕದಲ್ಲಿ ನಿಂತಿದ್ದ ಮೇಡಂ ಮುಖ ನೋಡಿದಳು. "ಮೇಡಂ, ಕನ್ನಡದಲ್ಲಿ ಹೇಳಬಹುದಾ?"

"ಬೇಡ ಬೇಡ, ಇಂಗ್ಲಿಷಲ್ಲೇ ಟ್ರೈ ಮಾಡು."

ಹುಡುಗಿ ತಲೆ ತಗ್ಗಿಸಿಕೊಂಡು ನಿಂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಕೈಗೆ ನಾನೇ ಸರ್ಟಿಫಿಕೇಟ್ ಕೊಟ್ಟೆ. ಎ ಗ್ರೇಡ್.

ಮಂಡ್ಯದಲ್ಲಿ ನಿಂತು, ಮಂಡ್ಯದ ಹುಡುಗಿ, ಮದ್ದೂರಿನವಳಾದ ನನ್ನ ಹತ್ತಿರ ಕನ್ನಡ ಆಡೋದಕ್ಕೆ ಅಪ್ಪಣೆ ಕೇಳಬೇಕಾಯಿತು. ಕೇಳಿದರೂ ಸಿಗಲಿಲ್ಲ. ಇದನ್ನು ನಾನು ಹೇಗೆ ನುಂಗಲಿ?

ಆ ಮೇಡಂ ಮೇಲೆ ನನಗೆ ಕೋಪವಿಲ್ಲ. ಅವರು ಅತಿಥಿ ಉಪನ್ಯಾಸಕಿ; ತಿಂಗಳ ಗೌರವಧನ ಸಮಯಕ್ಕೆ ಬಂದರೆ ಸಾಕು ಅನ್ನೋ ಸ್ಥಿತಿ ಅವರದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಭಾಷೆ ಮತ್ತು ಸಂವಹನ ಕೌಶಲ್ಯದ ಕಾರ್ಯಕ್ರಮಗಳಿಗೂ ಲೆಕ್ಕ ಉಂಟು. ಆದ್ದರಿಂದ ಬ್ಯಾನರ್ ಕಟ್ಟಬೇಕು, ಫೋಟೊ ತೆಗೆಯಬೇಕು, ವರದಿ ಬರೆದು ಫೈಲಿಗೆ ಸೇರಿಸಬೇಕು. ಇದರಲ್ಲಿ ಮಗು ಬಾಯಿ ಬಿಟ್ಟಿತೋ ಇಲ್ಲವೋ ನೋಡೋರು ಯಾರು?

ಹಾಗಾದರೆ ಇಷ್ಟು ದಿನ ತರಗತಿಯಲ್ಲಿ ಏನು ನಡೆಯಿತು? ನೋಟ್ಸ್ ತೆಗೆದು ನೋಡಿದೆ. ಮೊದಲ ಪುಟದಲ್ಲೇ ಸೆಂಡರ್, ಮೆಸೇಜ್, ಚಾನೆಲ್, ರಿಸೀವರ್, ನಾಯ್ಸ್ ಅಂತ ಬಾಣದ ಗುರುತು ಹಾಕಿದ ಚಿತ್ರ. ಈ ಚಿತ್ರದ ಮೂಲ 1948ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶ್ಯಾನನ್ ಬರೆದ ಪ್ರಬಂಧ. ತಂತಿಯಲ್ಲಿ ಹೋಗುವ ಸಂಕೇತ ಗದ್ದಲದ ನಡುವೆಯೂ ಕೆಡದೆ ಆ ತುದಿ ಮುಟ್ಟುವುದು ಹೇಗೆ ಅನ್ನೋದು ಆತನ ಲೆಕ್ಕ. ಸಂದೇಶದ ಅರ್ಥಕ್ಕೂ ತನ್ನ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲ ಅಂತ ಶುರುವಿನಲ್ಲೇ ಆತ ಹೇಳಿಬಿಟ್ಟಿದ್ದಾನೆ. ಅದನ್ನು ನಮ್ಮ ಮಕ್ಕಳು ಮನುಷ್ಯರ ಮಾತಿನ ವಿವರಣೆ ಅಂದುಕೊಂಡು ಐದು ಮಾರ್ಕಿಗೆ ಬಾಯಿಪಾಠ ಮಾಡುತ್ತಿದ್ದಾರೆ.

ಮುಂದಿನ ಪುಟದಲ್ಲಿ, ಮಾತಿನ ಪ್ರಭಾವದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಹಾವಭಾವದ್ದು ಶೇ. 55. ಇದನ್ನು ನಾನು ಎಷ್ಟು ತರಬೇತಿಗಳಲ್ಲಿ ಕೇಳಿದ್ದೇನೋ! ಆಲ್ಬರ್ಟ್ ಮೆಹ್ರೇಬಿಯನ್ ಅನ್ನೋ ಮನೋವಿಜ್ಞಾನಿ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಹುಟ್ಟಿದ ಅಂಕಿಗಳಿವು. ಅಲ್ಲಿ ಕೇಳಿಸಿದ್ದು ಬಿಡಿಬಿಡಿ ಪದಗಳನ್ನು, ತೋರಿಸಿದ್ದು ಮುಖದ ಫೋಟೊಗಳನ್ನು. ಹೇಳುವವರಿಗೆ ನಮ್ಮ ಮೇಲೆ ಇಷ್ಟವೋ ಬೇಸರವೋ ಅಂತ ಕೇಳುವವರು ಊಹಿಸಬೇಕಿತ್ತು, ಅಷ್ಟೇ. ಎಲ್ಲ ಮಾತಿಗೂ ಇದನ್ನು ಅನ್ವಯಿಸಬೇಡಿ ಅಂತ ಆತನೇ ಹೇಳಿದ್ದಾನೆ. ಪದಗಳ ಬೆಲೆ ಶೇ. 7 ಅಂತ ಕಲಿತ ಹುಡುಗಿ ಪದ ಹುಡುಕುವ ಕಷ್ಟಕ್ಕೆ ಯಾಕೆ ಹೋಗುತ್ತಾಳೆ?

ದೇಶದ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ ಕಾಗದ ಇದಕ್ಕಿಂತ ಎಷ್ಟೋ ವಾಸಿ. ಪದವಿ ಮಕ್ಕಳಿಗೆ ಅಂತ 2019ರಲ್ಲಿ ತಂದ ಜೀವನ ಕೌಶಲ್ಯದ ಪಠ್ಯಕ್ರಮದಲ್ಲಿ ಸಂವಹನಕ್ಕೆ 2 ಕ್ರೆಡಿಟ್, ಅಂದರೆ 30 ಗಂಟೆ. ಅದರಲ್ಲಿ ಮಾತಾಡೋದು, ಓದೋದು, ಬರೆಯೋದರ ಜೊತೆಗೆ ಕೇಳಿಸಿಕೊಳ್ಳೋದೂ ಒಂದು ಪಾಠ. ಆದರೆ ಲೆಕ್ಕ ಹಾಕಿ ನೋಡಿ. 30 ಗಂಟೆ ಅಂದರೆ 1800 ನಿಮಿಷ. ತರಗತಿಯಲ್ಲಿ 60 ಮಕ್ಕಳಿದ್ದರೆ, ಮೇಷ್ಟ್ರು ಒಂದು ಮಾತೂ ಆಡದೆ ಸುಮ್ಮನಿದ್ದರೂ ಒಂದು ಮಗುವಿನ ಪಾಲಿಗೆ 30 ನಿಮಿಷ. ಮೇಷ್ಟ್ರು ಬಾಣದ ಚಿತ್ರ ವಿವರಿಸುತ್ತಾ ನಿಂತರೆ ಆ ಪಾಲೂ ಹೋಯಿತು. ಈಜು ಕಲಿಸುತ್ತೇವೆ ಅಂತ ಕರೆದು ದಡದಲ್ಲೇ ಕೂರಿಸಿ ಕಳಿಸಿದ ಹಾಗೆ.

ನನ್ನ ಕಥೆ ಹಳೇ ಗೆಳೆಯರಿಗೆ ಗೊತ್ತು. ಪಿಯುಸಿವರೆಗೂ ಕನ್ನಡ ಮಾಧ್ಯಮ. ಡಿಗ್ರಿಗೆ ಮೈಸೂರಿಗೆ ಬಂದಾಗ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಎದೆ ಡವಡವ ಅನ್ನುತ್ತಿತ್ತು. ನನಗೆ ಮಾತು ಬಂದದ್ದು ಹಾಸ್ಟೆಲಿನ ಮೆಸ್ ಕಮಿಟಿಯಲ್ಲಿ. ಅಕ್ಕಿ ಎಷ್ಟು ಬಂತು, ಎಷ್ಟು ಬೆಂದಿತು, ಭಾನುವಾರದ ಪಾಯಸ ಯಾಕೆ ನಿಂತಿತು, ಇದನ್ನೆಲ್ಲ ವಾರ್ಡನ್ ಮುಂದೆ ಕೇಳಬೇಕು. ಅವರು ಹೇಳಿದ್ದನ್ನು ಸಿಟ್ಟಿನಲ್ಲಿರುವ ಹುಡುಗಿಯರಿಗೆ ತಂದು ಒಪ್ಪಿಸಬೇಕು. ಎರಡೂ ಕಡೆ ಬೈಸಿಕೊಂಡೆ. ಆದರೆ ಯಾರಿಗೆ ಏನು ಮೊದಲು ಹೇಳಬೇಕು, ಎಲ್ಲಿ ಸುಮ್ಮನೆ ಕೇಳಿಸಿಕೊಳ್ಳಬೇಕು ಅನ್ನೋದು ಅಲ್ಲೇ ತಿಳಿದದ್ದು. ಇಂಗ್ಲಿಷ್ ಆಮೇಲೆ ಬಂತು. ಧೈರ್ಯ ಮೊದಲೇ ಬಂದಿದ್ದರಿಂದ ಬೇಗ ಬಂತು.

"ಮೇಡಂ, ಇಂಗ್ಲಿಷ್ ಇಲ್ಲದೆ ಕೆಲಸ ಯಾರು ಕೊಡ್ತಾರೆ?" ಅಂತ ಅಲ್ಲಿ ಒಬ್ಬ ಉಪನ್ಯಾಸಕರು ಕೇಳಿದರು. ಕೊಡೋಳು ನಾನೇ ಅಲ್ಲವೇ? ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ನೇಮಕಾತಿ ನೋಡಿಕೊಳ್ಳೋದೇ ನನ್ನ ಕೆಲಸ. ಇಂಗ್ಲಿಷ್ ಬೇಕು, ಖಂಡಿತ ಬೇಕು, ಚೆನ್ನಾಗಿಯೇ ಕಲಿಸಿ. ಆದರೆ ಮೈಸೆಲ್ಫ್ ಅಂತ ಶುರುವಾಗುವ ಐದು ವಾಕ್ಯದಿಂದ ಇಂಗ್ಲಿಷೂ ಬಂದಿಲ್ಲವಲ್ಲ! ಶಿಫ್ಟ್ ಮುಗಿಸುವವನು ಮುಂದಿನ ಶಿಫ್ಟಿನವನಿಗೆ ಮಷಿನ್ ಯಾವಾಗ ನಿಂತಿತು, ಏನು ಮಾಡಿದೆ, ಇನ್ನೇನು ಬಾಕಿ ಅಂತ ಬಿಡಿಸಿ ಹೇಳಬೇಕು. ಅದನ್ನೇ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಮೇಲ್ ಮಾಡಬೇಕು. ಕನ್ನಡದಲ್ಲೇ ಬಿಡಿಸಿ ಹೇಳಲು ಬಾರದವನು ಮೇಲ್‌ನಲ್ಲಿ ಏನು ಬರೆದಾನು? ಸರ್ಟಿಫಿಕೇಟ್ ಇದ್ದರೆ ಬಯೋಡೇಟಾಗೆ ತೂಕ ಬರುತ್ತದೆ ಅನ್ನೋ ಮಾತನ್ನಂತೂ ಬಿಡಿ. ನನ್ನ ಮೇಜಿಗೆ ಬರುವ ಬಯೋಡೇಟಾಗಳಲ್ಲೆಲ್ಲ ಅದು ಇರುತ್ತದೆ, ನಾನು ಆ ಸಾಲನ್ನು ಓದುವುದೇ ಇಲ್ಲ.

ನಮಗೇನು ದಾರಿ ಗೊತ್ತಿರಲಿಲ್ಲವೇ? 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆಯನ್ನು ಜನರಿಗೆ ಕನ್ನಡದಲ್ಲಿ ಹೇಳಿದರು. ಪ್ರಚಾರೋಪನ್ಯಾಸ ಅಂತಲೇ ಕರೆದರು, ಪುಸ್ತಿಕೆ ಮಾಡಿ ಅಚ್ಚು ಹಾಕಿಸಿದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದರು. ಅಂಥ ಸೀಮೆಯಲ್ಲಿ ಮಾತಿನ ತರಗತಿಯೊಳಗೆ ಮಕ್ಕಳು ಮೂಗರಾಗಿ ಕೂತಿದ್ದಾರೆ ಅಂದರೆ ಹೊಟ್ಟೆ ಉರಿಯುತ್ತದೆ.

ಕಾಲೇಜುಗಳಲ್ಲಿರುವ ಗೆಳೆಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಮುಂದಿನ ಬ್ಯಾಚನ್ನು ಇಪ್ಪತ್ತಿಪ್ಪತ್ತು ಮಕ್ಕಳ ಗುಂಪು ಮಾಡಿ. ಪ್ರತಿ ಮಗುವೂ ಪ್ರತಿ ವಾರ ಎದ್ದು ನಿಂತು ಮಾತಾಡಲಿ, ಮೊದಲ ತಿಂಗಳು ಬರೀ ಕನ್ನಡದಲ್ಲಿ. ಅಪ್ಪನ ಪಹಣಿಯಲ್ಲಿರುವ ತಪ್ಪನ್ನು ನಾಡಕಚೇರಿಯಲ್ಲಿ ಹೇಗೆ ವಿವರಿಸುತ್ತೀಯ, ಹೇಳು ಅನ್ನಿ. ಕೇಳುತ್ತಾ ಕೂತವರು ಒಂದೊಂದು ಪ್ರಶ್ನೆ ಕೇಳಲೇಬೇಕು ಅನ್ನಿ. ಮಾತಾಡಿದ್ದನ್ನು ಅವರ ಫೋನಿನಲ್ಲೇ ರೆಕಾರ್ಡ್ ಮಾಡಿಸಿ, ಅವರಿಗೇ ಕೇಳಿಸಿ. ಆಮೇಲೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿಸಿ.

ಕೊನೆಗೆ ಸರ್ಟಿಫಿಕೇಟಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆಯಿರಿ: ಈ ವಿದ್ಯಾರ್ಥಿ ಯಾವ ವಿಷಯ ಮಾತಾಡಿದರು, ಯಾರ ಮುಂದೆ, ಯಾವ ಭಾಷೆಯಲ್ಲಿ, ಕೇಳಿದ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟರು. ಅಂಥ ಕಾಗದ ನನ್ನ ಮೇಜಿಗೆ ಬಂದರೆ ನಾನು ಮೊದಲು ಹಿಂಬದಿ ತಿರುಗಿಸಿ ಓದುತ್ತೇನೆ, ಸಂದರ್ಶನವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಶನಿವಾರ ಮಧ್ಯಾಹ್ನ ನನಗೆ ಬಿಡುವಿರುತ್ತದೆ. ಮಂಡ್ಯವಾದರೂ ಸರಿ, ಮೈಸೂರಾದರೂ ಸರಿ, ಕರೆಯಿರಿ, ಬಂದು ಕೂತು ಕೇಳುತ್ತೇನೆ.